ಶಾಂತಲಾಳ ಕಿವಿಗೆ ಬಿದ್ದ ಪಿಯಾನೊ

ಶಾಂತಲಾಳ ಕಿವಿ ಬಹಳ ಚುರುಕು ಎಂದು ಊರಿನಲ್ಲಿ ಹೆಸರು. ಸಿ.ಎಸ್. ಪುರದಿಂದ ಆಚೆ, ಕೆರೆ ಏರಿ ದಾಟಿದ ಮೇಲೆ ಸಿಗುವ ತೋಟದ ಮನೆ ಅವಳದು. ಅವಳದು ಅಂದರೆ ಅವಳ ಗಂಡ ಸಂಗಮೇಶನದು. ಹಾಲು ಉಕ್ಕುವ ಮುಂಚೆ ಪಾತ್ರೆಯ ಅಂಚಿನಲ್ಲಿ ಏಳುವ ಸಣ್ಣ ಸದ್ದು, ತೊಟ್ಟಿ ತುಂಬುವಾಗ ಬದಲಾಗುವ ಮೋಟರಿನ ದನಿ, ಹಗ್ಗ ಬಿಚ್ಚಿಕೊಂಡ ಕರುವಿನ ಗಂಟೆ, ನೀರು ಬೇಕು ಅನ್ನುವುದಕ್ಕೆ ಮೊದಲು ಅತ್ತೆ ಸಿದ್ದಗಂಗಮ್ಮ ಕೆಮ್ಮುವ ಒಣಕೆಮ್ಮು, ಇವೆಲ್ಲ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದರೂ ಅವಳಿಗೆ ಕೇಳಿಸುತ್ತಿದ್ದವು. ಗುಡಿಸಿದ್ದು, ಸಾರಿಸಿದ್ದು, ಬೇಯಿಸಿದ್ದು ಕಣ್ಣಿಗೆ ಕಾಣುತ್ತದೆ. ಕೇಳಿಸಿಕೊಳ್ಳುತ್ತಲೇ ಇರುವುದು ಯಾರ ಕಣ್ಣಿಗೂ ಕಾಣುವುದಿಲ್ಲ. ಹಾಲು ಉಕ್ಕಿ ಒಲೆ ಆರಿದ ದಿನ ಮಾತ್ರ, 'ಕಿವಿ ಎಲ್ಲಿಟ್ಟಿದ್ದೆ?' ಎಂಬ ಪ್ರಶ್ನೆಯಾಗಿ ಆ ಕೆಲಸ ಹೊರಗೆ ಬರುತ್ತದೆ.

ಅವಳು ಹುಟ್ಟಿದ್ದು ಕುಣಿಗಲ್ಲಿನಲ್ಲಿ. ಅಪ್ಪ ಮಹಾದೇವಯ್ಯ ಕುದುರೆ ಫಾರಂನಲ್ಲಿ ಕೆಲಸಕ್ಕಿದ್ದರು. ಕುದುರೆ ಹೆದರಿದೆಯೋ ಇಲ್ಲವೋ ಎಂದು ನೋಡಬೇಕಾದರೆ ಕಣ್ಣು ನೋಡಬೇಡ ಮಗಾ, ಕಿವಿ ನೋಡು ಅನ್ನುತ್ತಿದ್ದರು. ಭಯ ಎಲ್ಲಿದೆಯೋ ಅಲ್ಲಿಗೆ ಅದರ ಕಿವಿ ತಿರುಗುತ್ತದಂತೆ. ಮದುವೆಯಾಗಿ ಗುಬ್ಬಿ ಸೀಮೆಗೆ ಬಂದ ಮೇಲೆ ಶಾಂತಲಾಳ ಕಿವಿಯೂ ಒಂದೇ ಕಡೆಗೆ ತಿರುಗಿತು. ಕೆರೆ ಏರಿಯ ಕಡೆಗೆ. ಸಂಜೆ ಅಲ್ಲಿಂದ ಸಂಗಮೇಶನ ಬೈಕು ಬರುತ್ತಿತ್ತು.

ಸಂಗಮೇಶ ಕುಡುಕನಲ್ಲ. ಸಹಕಾರ ಸಂಘದ ಕಾರ್ಯದರ್ಶಿ, ಊರಿನವರೊಂದಿಗೆ ತಗ್ಗಿದ ದನಿಯ ಮಾತು, ಹಣೆಯ ಮೇಲೆ ಅಳಿಸದ ವಿಭೂತಿ. ಮನೆಯಲ್ಲಿ ಅವನು ಕೈ ಎತ್ತಿದ್ದು ಕಡಿಮೆ. ಎತ್ತಬಹುದು ಅನ್ನುವುದೇ ಸಾಕಾಗುತ್ತಿತ್ತು. ಒಮ್ಮೆ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಇಡೀ ಪಾತ್ರೆಯನ್ನು ತೊಳೆದ ಬಟ್ಟೆಗಳ ಬುಟ್ಟಿಗೆ ಸುರಿದಿದ್ದ. ಒಮ್ಮೆ ತವರಿಗೆ ಫೋನು ಮಾಡಿ ಹೆಚ್ಚು ಹೊತ್ತು ಮಾತಾಡಿದಳೆಂದು ಅವಳನ್ನು ಹೊರಗಿಟ್ಟು ಬಾಗಿಲು ಹಾಕಿ, ಒಳಗೆ ಕೂತು ನಿಧಾನಕ್ಕೆ ಊಟ ಮಾಡಿದ್ದ. ಯಾವತ್ತು ಏನು ಎಂದು ಮುಂಚೆ ತಿಳಿಯುತ್ತಿರಲಿಲ್ಲ. ತಿಳಿದುಕೊಳ್ಳಲು ಇದ್ದದ್ದು ಬೈಕಿನ ಸದ್ದೊಂದೇ. ಏರಿಯ ತಿರುವಿನಲ್ಲಿ ಗೇರು ಮೆತ್ತಗೆ ಬಿದ್ದರೆ ಸರಿ. ಕಟಕಟ ಎಂದು ಬಿದ್ದರೆ, ಗೇಟು ತೆರೆಯುವಷ್ಟರೊಳಗೆ ಟಿವಿ ಆರಬೇಕು, ಚಪ್ಪಲಿಗಳು ಸಾಲಾಗಬೇಕು, ಲೋಟಗಳು ಒಳಗೆ ಹೋಗಬೇಕು, ಮಗಳು ಪುಸ್ತಕ ಹಿಡಿದು ಕೋಣೆಯಲ್ಲಿರಬೇಕು.

ಮಗಳು ಪಲ್ಲವಿ ಈಗ ತುಮಕೂರಿನಲ್ಲಿ ಬಿ.ಕಾಂ. ಓದುತ್ತಾಳೆ. ಪ್ರಮೀಳಾ ಎಂಬ ನಿವೃತ್ತ ಟೀಚರ್ ಮನೆಯ ಮಹಡಿಯಲ್ಲಿ ಒಂದು ಕೋಣೆ. ಸಂಗಮೇಶನಿಗೆ ಅಷ್ಟು ಗೊತ್ತು. ಆ ಮನೆಯ ಹಾಲಿನಲ್ಲಿ ಒಂದು ಹಳೆಯ ಪಿಯಾನೊ ಇದೆ, ಕಾಲೇಜು ಮುಗಿದ ಮೇಲೆ ಟ್ಯೂಷನ್ ಎಂದು ಅವಳು ಹೇಳುವ ಹೊತ್ತೆಲ್ಲ ಆ ಪಿಯಾನೊದ ಮುಂದೆ ಕಳೆಯುತ್ತದೆ ಎಂಬುದು ಗೊತ್ತಿಲ್ಲ. ಅವಳು ಹೈಸ್ಕೂಲಿನಲ್ಲಿದ್ದಾಗ ಅವನೇ ಒಂದು ಕೀಬೋರ್ಡು ಕೊಡಿಸಿದ್ದ. ಶಾಲೆಯ ವಾರ್ಷಿಕೋತ್ಸವದಲ್ಲಿ ಮಗಳು ಬಾರಿಸಿದ್ದನ್ನು ಸಂಘದಲ್ಲಿ ಯಾರೋ ಗೇಲಿ ಮಾಡಿದರೆಂದು, ಮಾರನೆಯ ದಿನ ಅದನ್ನು ಅಟ್ಟಕ್ಕೆ ಎಸೆದ. "ಬಂದೋರ ಮುಂದೆ ಬಾರಿಸೋಕೆ ನಾವೇನು ಓಲಗದೋರಾ?" ಎಂದಷ್ಟೇ ಹೇಳಿದ್ದ. ಅಟ್ಟದಲ್ಲಿ ಇಲಿಗಳು ಅದರ ವೈರು ತಿಂದವು.

ಒಂದು ಶುಕ್ರವಾರ ಬೆಳಿಗ್ಗೆ, ಸಂಗಮೇಶ ಸಂಘಕ್ಕೆ ಹೋದ ಸ್ವಲ್ಪ ಹೊತ್ತಿಗೆ ಪಲ್ಲವಿಯ ಫೋನು ಬಂತು. ಶಾಂತಲಾ ಹಿತ್ತಲಿಗೆ ಹೋಗಿ ಎತ್ತಿದಳು.

"ಅಮ್ಮ, ಅಪ್ಪ ಹೋದ್ರಾ?"

"ಹೋದ್ರು. ಏನಾಯ್ತು? ಹುಷಾರಾಗಿದೀಯ ತಾನೆ?"

"ಹುಷಾರಾಗಿದೀನಿ. ಅಮ್ಮ, ನಾನು ಒಂದು ಆಲ್ಬಮ್ ಮಾಡಿದೀನಿ. ಬರೀ ಪಿಯಾನೊ. ಎಲ್ಲಾ ನಾನೇ ಕಂಪೋಸ್ ಮಾಡಿದ್ದು. ಪ್ರಮೀಳಾ ಮಿಸ್ ಮನೇಲೇ ರೆಕಾರ್ಡ್ ಆಯ್ತು. ಭಾನುವಾರ ಇಂಟರ್‌ನೆಟ್‌ನಲ್ಲಿ ಬಿಡ್ತಿದೀವಿ."

ಶಾಂತಲಾ ತಕ್ಷಣ ಗೇಟಿನ ಕಡೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ.

"ನಿನ್ ಹೆಸರಲ್ಲಾ?"

"ಅದಕ್ಕೇ ಫೋನ್ ಮಾಡಿದ್ದು. ನೀನು ಫುಲ್ ಕೇಳು, ಪ್ಲೀಸ್, ಸ್ಕಿಪ್ ಮಾಡ್ಬೇಡ. ನಾಳೆ ಸಾಯಂಕಾಲದೊಳಗೆ ಹೇಳು. ನೀನು ಬೇಡ ಅಂದ್ರೆ ಬೇರೆ ಏನೋ ಹೆಸರಲ್ಲಿ ಬಿಡ್ತೀನಿ. ನೀನು ಹೂಂ ಅಂದ್ರೆ ನನ್ನ ಹೆಸರು, ನನ್ನ ಫೋಟೊ."

"ನನ್ನನ್ನ ಯಾಕೆ ಕೇಳ್ತೀಯಾ ಪುಟ್ಟಿ? ನಂಗೇನ್ ಗೊತ್ತು ಪಿಯಾನೊ?"

"ಅದು ನಮ್ಮನೆ ಬಗ್ಗೆ ಅಮ್ಮ," ಎಂದಳು ಪಲ್ಲವಿ. "ನಾನು ಇಲ್ಲಿದೀನಿ. ಅಲ್ಲಿರೋಳು ನೀನು."

ಫೋನಿಗೆ ಕೊಂಡಿ ಬಂತು. ಎಂಟು ತುಣುಕುಗಳು, ಹೆಸರಿಲ್ಲ, ಬರೀ ಅಂಕಿ. ಪೂರ್ತಿ ಕೇಳಲು ಮುಕ್ಕಾಲು ಗಂಟೆ ಸಾಕು ಎಂದು ಮಗಳು ಬರೆದಿದ್ದಳು. ಶಾಂತಲಾಳಿಗೆ ನಗು ಬಂತು. ಕೂತು ಏನನ್ನಾದರೂ ಪೂರ್ತಿ ಕೇಳಲು ಮುಕ್ಕಾಲು ಗಂಟೆ ಆ ಮನೆಯಲ್ಲಿ ಅವಳಿಗೆ ಯಾವತ್ತು ಸಿಕ್ಕಿತ್ತು? ಮಠದಲ್ಲಿ ಪ್ರವಚನಕ್ಕೆ ಹೋದರೂ ಅರ್ಧದಲ್ಲೇ ಎದ್ದು ದಾಸೋಹದ ತರಕಾರಿ ಹೆಚ್ಚುವವಳು ಅವಳು. ಆದರೆ ನಗುವಿನ ಹಿಂದೆಯೇ ಮಗಳ ಮಾತು ನೆನಪಾಯಿತು. ನಮ್ಮನೆ ಬಗ್ಗೆ, ಅಂದಿದ್ದಳಲ್ಲ. ಮಾತಿಲ್ಲದ ಸಂಗೀತದಲ್ಲಿ ಒಂದು ಮನೆಯ ಬಗ್ಗೆ ಏನು ಹೇಳಲು ಆಗುತ್ತದೆ? ಹೇಳಿದ್ದರೆ ಅದು ಯಾರಿಗೆಲ್ಲ ತಿಳಿಯುತ್ತದೆ?

ಅವತ್ತು ಅಟ್ಟದ ಕಾಯಿ ಇಳಿಸುವ ಕೆಲಸವಿತ್ತು. ಈ ಸೀಮೆಯಲ್ಲಿ ಕೊಬ್ಬರಿ ಬಿಸಿಲಲ್ಲಿ ಒಣಗುವುದಲ್ಲ. ಬಲಿತ ಕಾಯಿಗಳನ್ನು ಸಿಪ್ಪೆಯ ಸಮೇತ ಅಟ್ಟಕ್ಕೆ ಹಾಕಿ ವರ್ಷವಿಡೀ ಬಿಡುತ್ತಾರೆ. ಒಳಗಿನ ನೀರು ತಾನಾಗಿಯೇ ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಆಗಿದೆಯೋ ಇಲ್ಲವೋ ಎಂದು ನೋಡಲು ಕಾಯಿ ಒಡೆಯುವಂತಿಲ್ಲ. ಒಡೆದ ಮೇಲೆ ಹಸಿಯಾಗಿದ್ದರೆ ಅದು ಮತ್ತೆ ಉಂಡೆಯಾಗುವುದಿಲ್ಲ, ಕೆಟ್ಟುಹೋಗುತ್ತದೆ. ಅದಕ್ಕೇ ಒಂದೊಂದು ಕಾಯನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ನೀರಿದ್ದರೆ ಗುಳುಗುಳು. ನೀರಿಂಗಿ ಕೊಬ್ಬರಿ ಇನ್ನೂ ಅಂಟಿಕೊಂಡಿದ್ದರೆ ಸದ್ದೇ ಇಲ್ಲ. ಬಿಟ್ಟುಕೊಂಡಿದ್ದರೆ ಒಳಗೊಂದು ಗಡ್ಡೆ ಉರುಳಿದಂತೆ ಗುಡುಕ್ ಗುಡುಕ್. ಗುಡುಕ್ ಅಂದದ್ದು ಸುಲಿಯುವ ರಾಶಿಗೆ, ಉಳಿದದ್ದು ವಾಪಸು ಅಟ್ಟಕ್ಕೆ. ಕೊಬ್ಬರಿ ಮಾರುವವರು ಗಂಡಸರು, ಅಲ್ಲಾಡಿಸಿ ಕೇಳುವವರು ಹೆಂಗಸರು.

ಕೊಟ್ಟಿಗೆಯ ಪಕ್ಕದ ಚಪ್ಪರದಡಿ ಕೆಲಸಕ್ಕೆ ಬರುವ ತಿಪ್ಪಮ್ಮನೂ ಶಾಂತಲಾಳೂ ಕೂತರು. ಸಿದ್ದಗಂಗಮ್ಮ ಜಗುಲಿಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಶಾಂತಲಾ ಇಯರ್‌ಫೋನಿನ ವೈರನ್ನು ಕುಪ್ಪಸದೊಳಗಿಂದ ತಂದು, ಸೆರಗಿನ ಮರೆಯಲ್ಲಿ ಎಡಗಿವಿಗೆ ಮಾತ್ರ ಸಿಕ್ಕಿಸಿಕೊಂಡಳು. ಬಲಗಿವಿ ಮನೆಗೆ.

ತಿಪ್ಪಮ್ಮ ನೋಡಿಬಿಟ್ಟಳು. "ಏನವ್ವಾ, ಕಿವಿಗೆ ದಾರ ಪೋಣಿಸ್ಕಂಡಿದೀಯ? ಯಾವನಾದ್ರೂ ಹೀರೋ ಮಾತಾಡ್ತಾವ್ನಾ?"

"ಸುಮ್ನಿರು ತಿಪ್ಪಕ್ಕ. ಹಾಡು."

"ಯಾವ್ ಹಾಡು? ನಂಗೂ ಒಂದ್ ಕಡೆ ಕೊಡು ಮತ್ತೆ."

"ಹಾಡಿಲ್ಲ. ಬರೀ ಬಾರ್ಸೋದು."

"ಅಯ್ಯೋ, ಬರೀ ಬಾರ್ಸೋದು ನಮ್ಮನೆಲೇ ದಿನಾ ಐತೆ ಬುಡು," ಎಂದು ತಿಪ್ಪಮ್ಮ ತನ್ನ ಮಾತಿಗೆ ತಾನೇ ನಕ್ಕಳು. ನಗುತ್ತಲೇ ಒಂದು ಕಾಯಿ ಅಲ್ಲಾಡಿಸಿ ರಾಶಿಗೆ ಎಸೆದಳು.

ಮೊದಲನೆಯದು ನಿಧಾನವಾಗಿತ್ತು. ಒಂದು ಸ್ವರ, ಆಮೇಲೆ ತುಂಬ ಹೊತ್ತಿನ ಮೇಲೆ ಇನ್ನೊಂದು. ಶಾಂತಲಾಳಿಗೆ ಏನೂ ಅನ್ನಿಸಲಿಲ್ಲ. ಇಷ್ಟೇನಾ ಎಂದು ಸ್ವಲ್ಪ ಧೈರ್ಯವೂ ಬಂತು. ಎರಡನೆಯದರಲ್ಲಿ ಸಣ್ಣ ಸ್ವರಗಳು ಒಂದರ ಮೇಲೊಂದು ಬಿದ್ದು ಚಿಟಪಟ ಸಿಡಿಯುತ್ತಾ, ಕೇಳಲು ಖುಷಿಯಾಗುವಂತೆ ಓಡುತ್ತಿದ್ದವು. ಒಗ್ಗರಣೆ ಅಂದುಕೊಂಡಳು. ಮಧ್ಯದಲ್ಲಿ ಒಂದು ಕಡೆ ಅದು ಹಾಗೇ ನಿಂತುಬಿಟ್ಟಿತು. ಯಾರೋ ಉಸಿರು ಹಿಡಿದು ಕೇಳಿದ ಹಾಗೆ. ಏನೂ ಆಗಲಿಲ್ಲ. ಮತ್ತೆ ಓಡಿತು. ಮತ್ತೆ ನಿಂತಿತು. ಶಾಂತಲಾಳ ಕೈಯಲ್ಲಿದ್ದ ಕಾಯಿ ಕಿವಿಯ ಹತ್ತಿರ ಹೋಗದೆ ಅರ್ಧದಲ್ಲೇ ನಿಂತಿತು. ಹಾಗೆ ಒಗ್ಗರಣೆ ಸೌಟು ಹಿಡಿದು ನಿಂತು ಕೇಳುವವಳು ಯಾರೆಂದು ಅವಳಿಗೆ ಗೊತ್ತಾಯಿತು.

ಮೂರನೆಯದು ಬಹಳ ತಗ್ಗಿನಲ್ಲಿ, ಕೇಳಿಯೂ ಕೇಳದಂತೆ ಶುರುವಾಯಿತು. ಎಡಗೈಯ ದಪ್ಪ ಸ್ವರ ಒಂದೇ ಸಮನೆ, ಗುಡುಕ್ ಗುಡುಕ್ ಗುಡುಕ್, ದೂರದಿಂದ. ಅದು ಹತ್ತಿರವಾಗುತ್ತಿತ್ತು. ಒಂದು ಕಡೆ ತಡವರಿಸಿ ಮತ್ತೆ ಹಿಡಿದುಕೊಂಡಿತು. ಶಾಂತಲಾಳ ಬೆನ್ನು ನೆಟ್ಟಗಾಯಿತು. ಏರಿಯ ತಿರುವು. ಮೇಲೆ, ಬಲಗೈಯಲ್ಲಿ ಸಣ್ಣ ಸ್ವರಗಳು ದಿಕ್ಕೆಟ್ಟು ಓಡಾಡತೊಡಗಿದವು. ಒಂದನ್ನು ಆರಿಸಿದ ಹಾಗೆ, ಇನ್ನೊಂದನ್ನು ಎತ್ತಿಟ್ಟ ಹಾಗೆ, ಎರಡನ್ನು ಸಾಲಾಗಿ ಜೋಡಿಸಿದ ಹಾಗೆ. ಟಿವಿ, ಲೋಟ, ಚಪ್ಪಲಿ. ಕೆಳಗಿನ ಸ್ವರ ಬಂದೇ ಬಿಟ್ಟಿತು. ಎಲ್ಲ ನಿಂತಿತು. ಆ ನಿಶ್ಶಬ್ದ ಎಷ್ಟು ಹೊತ್ತಿತ್ತೆಂದರೆ ತುಣುಕು ಮುಗಿದಿರಬೇಕು ಅನ್ನಿಸುವಷ್ಟು. ಮುಗಿದಿರಲಿಲ್ಲ. ಒಳಗೆ ಬಂದವನು ಇನ್ನೂ ಬಾಯಿ ತೆರೆದಿರಲಿಲ್ಲ, ಅಷ್ಟೆ.

ಇಷ್ಟು ವರ್ಷ ಶಾಂತಲಾ ಅಂದುಕೊಂಡಿದ್ದದ್ದು ಒಂದೇ. ನಾನು ಕೇಳಿಸಿಕೊಳ್ಳುತ್ತಿದ್ದೇನಲ್ಲ, ಮಗು ಕೇಳಿಸಿಕೊಳ್ಳಬೇಕಾಗಿಲ್ಲ. ತಾನು ಬೈಕಿನ ಸದ್ದು ಹಿಡಿದು, ಮುಂಚೆಯೇ ಎಲ್ಲ ಸರಿಮಾಡಿ, ಮಗಳನ್ನು ಕೋಣೆಗೆ ಕಳಿಸಿದರೆ ಅವಳ ಪಾಲಿಗೆ ಅದು ಬರೀ ಒಂದು ಸಂಜೆ. ಆದರೆ ಆ ಕೋಣೆಯಲ್ಲಿ ಪುಸ್ತಕ ಹಿಡಿದು ಕೂತ ಮಗು ಎಲ್ಲವನ್ನೂ ಕೇಳಿಸಿಕೊಂಡಿತ್ತು. ಬೈಕನ್ನಷ್ಟೇ ಅಲ್ಲ, ಅಮ್ಮನ ಓಡಾಟವನ್ನೂ.

ಅವಳು ಅದನ್ನೇ ಮತ್ತೆ ಹಾಕಿದಳು. ಇನ್ನೊಮ್ಮೆ ಹಾಕಿದಳು. ಕೈ ತನ್ನಷ್ಟಕ್ಕೆ ಕಾಯಿ ಎತ್ತಿ, ಅಲ್ಲಾಡಿಸಿ, ಎಸೆಯುತ್ತಿತ್ತು. ಎಡಗಿವಿಯಲ್ಲಿ ಗುಡುಕ್ ಗುಡುಕ್ ಬರುತ್ತಲೇ ಇತ್ತು. ಯಾವುದು ಮಗಳ ಎಡಗೈ, ಯಾವುದು ಕೈಯೊಳಗಿನ ಕೊಬ್ಬರಿ ಎಂಬುದು ಅವಳಿಗೆ ತಪ್ಪಿಹೋಗಿತ್ತು. ಸುಲಿಯುವ ರಾಶಿ ಒಂದೇ ಸಮನೆ ಬೆಳೆಯುತ್ತಿತ್ತು. ನಿಜವಾದ ಬೈಕು ಬಂದದ್ದೂ ಗೊತ್ತಾಗಲಿಲ್ಲ.

"ಇಷ್ಟು ಬೇಗ ಇಷ್ಟೊಂದಾ?"

ಸಂಗಮೇಶ ರಾಶಿಯ ಪಕ್ಕ ನಿಂತಿದ್ದ. ಮಧ್ಯಾಹ್ನದ ಊಟಕ್ಕೆ ಅವನು ಬರುವವನಲ್ಲ, ಅವತ್ತು ಬಂದಿದ್ದ. ಬಗ್ಗಿ ಒಂದು ಕಾಯಿ ತೆಗೆದು ಅಲ್ಲಾಡಿಸಿದ. ಗುಳುಗುಳು. ಅದನ್ನು ಮೆಲ್ಲಗೆ ಕೆಳಗಿಟ್ಟು ಇನ್ನೊಂದು ತೆಗೆದ. ಸದ್ದೇ ಇಲ್ಲ. ಮೂರನೆಯದನ್ನು ಅಲ್ಲಾಡಿಸಿ ಶಾಂತಲಾಳ ಮುಖದ ಹತ್ತಿರ ತಂದು ಮತ್ತೆ ಅಲ್ಲಾಡಿಸಿದ. ನೀರು.

"ಕಿವಿ ಎಲ್ಲಿಟ್ಟಿದ್ದೆ?"

ಕೇಳುತ್ತಲೇ ವೈರು ಕಂಡಿತು. ಸೆರಗು ಸರಿಸಿ, ಅವಳ ಕಿವಿಯಿಂದ ಅದನ್ನು ಎರಡು ಬೆರಳಲ್ಲಿ, ಹುಳು ತೆಗೆದ ಹಾಗೆ ತೆಗೆದ. ತಿಪ್ಪಮ್ಮ ನೆಲ ನೋಡುತ್ತಾ ಒಂದೇ ಕಾಯನ್ನು ಅಲ್ಲಾಡಿಸುತ್ತಲೇ ಇದ್ದಳು.

"ಏನೇ ಇದು?"

"ಫೋನ್‌ಗೆ ಬಂದಿತ್ತು... ಯಾರ್ದೋ ಮ್ಯೂಸಿಕ್."

"ಯಾರ್ದು?"

"ಗೊತ್ತಿಲ್ಲ ಕಣ್ರೀ. ಫಾರ್ವರ್ಡ್."

ಫೋನು ಅವನ ಕೈಗೆ ಹೋಯಿತು. ತೆರೆಯ ಮೇಲೆ ಬರೀ ಅಂಕಿಗಳಿದ್ದವು, ಅದೊಂದು ಪುಣ್ಯ. ಅವನು ಇಯರ್‌ಫೋನನ್ನು ತನ್ನ ಕಿವಿಗೆ ಇಟ್ಟುಕೊಂಡು, ತಲೆ ಓರೆ ಮಾಡಿ, ಮೊದಲಿಂದ ಹಾಕಿ ಕೇಳತೊಡಗಿದ. ಮೂರನೆಯದನ್ನೇ.

ಶಾಂತಲಾ ಅವನ ಮುಖ ನೋಡುತ್ತಿದ್ದಳು. ಈಗ ದೂರದಲ್ಲಿದ್ದಾನೆ. ಈಗ ಏರಿಯ ಮೇಲೆ. ಈಗ ತಿರುವು, ಗೇರು. ಈಗ ಗೇಟು. ಅವನಿಗೆ ಗೊತ್ತಾಗುತ್ತದೆ. ತನ್ನ ಬೈಕು ತನಗೆ ಗೊತ್ತಾಗದೆ ಇರುತ್ತದೆಯೇ? ಈ ಮನೆಯಲ್ಲಿ ತನ್ನ ಬಗ್ಗೆ ಏನು ಬರೆದಿಟ್ಟಿದ್ದಾರೆ ಎಂದು ತಿಳಿದ ಕೂಡಲೇ ಅವನು ಮೊದಲು ಏನು ಮಾಡುತ್ತಾನೆ? ಈ ಫೋನು ಒಡೆಯುತ್ತಾನೆಯೇ, ತುಮಕೂರಿಗೆ ಹೋಗಿ ಮಗಳನ್ನು ಕೂದಲು ಹಿಡಿದು ತರುತ್ತಾನೆಯೇ? ಆ ನಿಶ್ಶಬ್ದದ ಜಾಗ ಬಂದಿರಬೇಕು. ಅವನು ಹುಬ್ಬು ಗಂಟಿಕ್ಕಿದ.

"ಹಾಳಾಗಿದೆ ಅನ್ಸುತ್ತೆ, ನಿಂತೋಯ್ತು," ಎಂದ. ಆಮೇಲೆ ನಕ್ಕ. "ಥೂ, ಹಾಡಿಲ್ಲ, ತಾಳ ಇಲ್ಲ. ಕರೆಂಟ್ ಹೋದಾಗ ಯುಪಿಎಸ್ ಬಡ್ಕೊಂಡಂಗಿದೆ. ಇದಕ್ಕಾ ನೀನು ಕಿವಿ ಕೊಟ್ಟು ಕೂತಿದ್ದು? ಅವ್ವಾ, ತಗೋ, ನೀನೂ ಕೇಳು ನಿನ್ ಸೊಸೆ ಸಂಗೀತ."

ಜಗುಲಿಗೆ ಹೋಗಿ, ಅದನ್ನೇ ಮತ್ತೆ ಮೊದಲಿಂದ ಹಾಕಿ, ತಾಯಿಯ ಕಿವಿಗೆ ತಾನೇ ಸಿಕ್ಕಿಸಿದ. ಸಿದ್ದಗಂಗಮ್ಮ ಮೊದಲು ನಗುತ್ತಾ ಕೇಳಿದಳು. ಸ್ವಲ್ಪ ಹೊತ್ತಿಗೆ ದವಡೆ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿತು. ಚಾಚಿದ್ದ ಕಾಲನ್ನು ಒಳಗೆಳೆದುಕೊಂಡಳು. ಕೈ ತಾನಾಗಿಯೇ ಮೇಲೆ ಹೋಗಿ ಜಾರಿದ್ದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿತು. ಮಗ ಎದುರಿಗೇ ನಿಂತಿದ್ದ, ಆದರೂ ಅವಳ ಕಣ್ಣು ಗೇಟಿನ ಕಡೆಗೆ ಹೋಯಿತು. ಅವಳ ಗಂಡ ತೀರಿಕೊಂಡು ಪಲ್ಲವಿಯ ವಯಸ್ಸಿನಷ್ಟೇ ವರ್ಷವಾಗಿತ್ತು.

ಶಾಂತಲಾಳಿಗೆ ಈಗ ಬೇರೆಯೇ ಭಯ ಹಿಡಿಯಿತು. ಅತ್ತೆಗೆ ಗೊತ್ತಾಗಿಬಿಟ್ಟಿದೆ. ಒಂದು ಮಾತು ಸಾಕು.

"ಹೆಂಗವ್ವಾ?" ಎಂದ ಸಂಗಮೇಶ.

ಸಿದ್ದಗಂಗಮ್ಮ ಇಯರ್‌ಫೋನು ತೆಗೆದು ಅವನ ಕೈಗಿಟ್ಟಳು. "ನಂಗೇನ್ ತಿಳೀತದಪ್ಪಾ ಇದೆಲ್ಲಾ," ಎಂದಳು. ಎಲೆ ಅಡಿಕೆ ಗಂಟಲಿಗೆ ಸಿಕ್ಕಿತು ಎಂಬಂತೆ ಕೆಮ್ಮಿದಳು.

ಸಂಗಮೇಶ ಕೂಗಾಡಲಿಲ್ಲ. ಸುಲಿಯುವ ರಾಶಿಯನ್ನು ಕಾಲಿಂದ ತಳ್ಳಿ ತಳ್ಳಿ, ಅಟ್ಟಕ್ಕೆ ವಾಪಸು ಹೋಗಬೇಕಿದ್ದ ರಾಶಿಯೊಂದಿಗೆ ಬೆರೆಸಿದ. ತಿಪ್ಪಮ್ಮ ಸರಿಯಾಗಿ ಆರಿಸಿದ್ದೂ ಅದರಲ್ಲೇ ಹೋಯಿತು. ಬೆಳಗಿನಿಂದ ಮಾಡಿದ ಕೆಲಸ ಇಲ್ಲವಾಯಿತು. "ಮೊದಲಿಂದ ಮಾಡಿ," ಎಂದು ವೈರನ್ನು ಮಾತ್ರ ಜೇಬಿಗೆ ಹಾಕಿಕೊಂಡು ಫೋನು ಹಿಂದಕ್ಕೆ ಕೊಟ್ಟ. ತಾನು ಕರೆ ಮಾಡಿದಾಗ ಎತ್ತಲು ಅವಳ ಕೈಯಲ್ಲಿ ಫೋನು ಇರಬೇಕಲ್ಲ. ಊಟ ಮಾಡಿದ, ಹೋದ.

ತಿಪ್ಪಮ್ಮ ತನ್ನ ಮನೆಗೆ ಊಟಕ್ಕೆ ಹೋದಾಗ ಸಿದ್ದಗಂಗಮ್ಮ ಜಗುಲಿ ಇಳಿದು ಬಂದು ಬೆರೆತ ರಾಶಿಯ ಮುಂದೆ ಕೂತಳು. ಅವಳು ಈ ಕೆಲಸ ಬಿಟ್ಟು ಎಷ್ಟೋ ಕಾಲವಾಗಿತ್ತು. ಒಂದು ಕಾಯಿ ಎತ್ತಿ ಅಲ್ಲಾಡಿಸಿದಳು.

"ಯಾರೇ ಬಾರ್ಸಿದ್ದು ಅದು?"

ಶಾಂತಲಾ ತಾನೂ ಒಂದು ಕಾಯಿ ಎತ್ತಿ ಅಲ್ಲಾಡಿಸಿದಳು. ಹೇಳಿದರೆ ಇಂದು ಸಂಜೆಯೇ ಮಗನ ಕಿವಿಗೆ ಬೀಳಬಹುದು. ಇದೇ ಅತ್ತೆ ಬಾಗಿಲು ಹಾಕಿದ ದಿನ ಒಳಗೆ ಕೂತು ಮಗನಿಗೆ ಬಡಿಸಿದವಳು.

"ನಮ್ ಯಜಮಾನ್ರು ಗಾಡೀಲಿ ಬರೋರು," ಎಂದಳು ಸಿದ್ದಗಂಗಮ್ಮ, ಕಾಯಿಯನ್ನೇ ನೋಡುತ್ತಾ. "ಎತ್ತಿನ ಗೆಜ್ಜೆ ಕೇಳೋದು ಮೊದ್ಲು. ಗೆಜ್ಜೆ ಕೇಳಿದ್ರೆ ಸಾಕು, ನಂಗೆ ಉಚ್ಚೆ ಬಂದಂಗಾಗೋದು ಕಣೇ. ಯಾರ್ಗೂ ಯೋಳಿರ್ಲಿಲ್ಲ. ಇವ್ಳ್ಯಾವಳೋ ಮಷೀನಲ್ಲಿ ಬಾರ್ಸಿ ಇಕ್ಕವ್ಳಲ್ಲ."

"ಪಲ್ಲವಿ," ಎಂದಳು ಶಾಂತಲಾ. ಬಾಯಿಂದ ಬಂದ ಮೇಲೆ ಅವಳಿಗೇ ಗಾಬರಿಯಾಯಿತು. "ನಮ್ ಪಲ್ಲವಿ ಕಣತ್ತೆ ಬಾರ್ಸಿದ್ದು. ಭಾನುವಾರ ಎಲ್ರಿಗೂ ಬಿಡ್ತಾಳಂತೆ. ಹೆಸರು ಹಾಕ್ಲಾ ಬೇಡ್ವಾ ಅಂತ ನನ್ನ ಕೇಳ್ತಾವ್ಳೆ."

ಸಿದ್ದಗಂಗಮ್ಮ ಕೈಯಲ್ಲಿದ್ದ ಕಾಯನ್ನು ಯಾವ ರಾಶಿಗೆ ಹಾಕಬೇಕೆಂದು ಮರೆತಂತೆ ಮಡಿಲಲ್ಲಿ ಇಟ್ಟುಕೊಂಡಳು.

"ಇನ್ನೂ ಐತಾ ಅದ್ರಾಗೆ?"

ಇಯರ್‌ಫೋನು ಇರಲಿಲ್ಲ. ಫೋನನ್ನು ಕಾಯಿಗಳ ನಡುವೆ ಇಟ್ಟು, ದನಿ ತಗ್ಗಿಸಿ, ಇಬ್ಬರೂ ಅದರ ಮೇಲೆ ಬಗ್ಗಿ ಕೂತು ಕೇಳಿದರು. ನಾಲ್ಕು, ಐದು. ಶಾಂತಲಾ ಒಂದು ಕಣ್ಣು ಏರಿಯ ಮೇಲಿಟ್ಟಿದ್ದಳು. ಆರರಲ್ಲಿ ಏನೋ ಬಿದ್ದು ಒಡೆಯಿತು, ಆಮೇಲೆ ಅದನ್ನು ಆರಿಸುವ ಸ್ವರಗಳು ಬಹಳ ಹೊತ್ತು, ಬಹಳ ಹೊತ್ತು. ಅತ್ತೆ ಸೊಸೆಯ ಮುಖ ನೋಡಲಿಲ್ಲ. ಕೊನೆಯದು ಬೇರೆ ಥರ ಇತ್ತು. ತುಮಕೂರಿನ ಮಹಡಿಯ ಕೋಣೆ ಇರಬೇಕು. ಸ್ವರಗಳು ತಮ್ಮಷ್ಟಕ್ಕೆ ನಡೆಯುತ್ತಿದ್ದವು, ಎಲ್ಲೂ ನಿಂತು ಕಿವಿಗೊಡುತ್ತಿರಲಿಲ್ಲ. ಶಾಂತಲಾ ಕೆಳಗಿನ ಆ ದಪ್ಪ ಸ್ವರಕ್ಕಾಗಿ ಕಾಯುತ್ತಿದ್ದಳು. ಈಗ ಬರುತ್ತದೆ, ಈಗ ಬರುತ್ತದೆ. ಬರಲಿಲ್ಲ. ಬರದೆಯೇ ಮುಗಿಯಿತು. ಅದನ್ನು ಕೇಳುವಾಗ ಅವಳಿಗೆ ಆದ ಭಯ ಬೇರೆ ಯಾವುದರಲ್ಲೂ ಆಗಿರಲಿಲ್ಲ. ಯಾರೂ ಬರದ ಮನೆಯಲ್ಲಿ ಕಿವಿಯನ್ನು ಏನು ಮಾಡಿಕೊಳ್ಳಬೇಕೆಂಬುದೇ ಅವಳಿಗೆ ತಿಳಿದಿರಲಿಲ್ಲ.

"ಹೆಸರು ಹಾಕಿದ್ರೆ," ಎಂದಳು ಶಾಂತಲಾ, "ನಾನು ಸುಳ್ಳು ಹೇಳಿದ್ದು ಅವ್ರಿಗೆ ಗೊತ್ತಾಗ್ತದೆ. ಗೊತ್ತಿಲ್ಲ, ಫಾರ್ವರ್ಡ್ ಅಂದಿದೀನಿ."

"ಗೊತ್ತಾಗ್ತದೆ."

"ಆಮೇಲೆ?"

"ಆಮೇಲೆ ನಾನೇನ್ ಯೋಳ್ಲಿ?" ಸಿದ್ದಗಂಗಮ್ಮ ರೇಗಿದಳು. ಆಮೇಲೆ ದನಿ ತಗ್ಗಿತು. "ಹಬ್ಬಕ್ಕೆ ಬರ್ಬ್ಯಾಡ ಅನ್ನು ಆ ಮಗೀಗೆ. ಯಾರ್ ಕರೆದ್ರೂ, ನಾನು ಸತ್ತೆ ಅಂತ ಕರೆದ್ರೂ ಬರ್ಬ್ಯಾಡ ಅನ್ನು."

ಮಾರನೆಯ ದಿನ ಸಂಜೆಗೆ ಮುಂಚೆ ಶಾಂತಲಾ ಮಗಳಿಗೆ ಫೋನು ಮಾಡಿದಳು. ಚೆನ್ನಾಗಿದೆ ಎಂದಾಗಲೀ, ಅತ್ತೆಯೂ ಕೇಳಿದರು ಎಂದಾಗಲೀ, ಅಳು ಬಂತು ಎಂದಾಗಲೀ ಹೇಳಲಿಲ್ಲ. "ನಿನ್ ಹೆಸರೇ ಹಾಕು," ಎಂದಳು. "ಹಬ್ಬಕ್ಕೆ ಬರ್ಬೇಡ."

"ಅಮ್ಮ, ನಿಂಗೇನಾದ್ರೂ ಆದ್ರೆ?"

"ನಂಗೇನಾಗುತ್ತೆ? ಹಾಕು," ಎಂದು ಇಟ್ಟುಬಿಟ್ಟಳು. ಇನ್ನೊಂದು ಸಲ ಕೇಳಿದ್ದರೆ ಬೇಡ ಅಂದುಬಿಡುತ್ತಿದ್ದಳು.

ಭಾನುವಾರ ಕಳೆಯಿತು. ಸೋಮವಾರವೂ ಏನೂ ಆಗಲಿಲ್ಲ. ಏನೂ ಆಗದ ಆ ದಿನಗಳಲ್ಲಿ ಶಾಂತಲಾ ಬೈಕು ಬಂದಾಗಲೆಲ್ಲ ಇವತ್ತೇ ಅಂದುಕೊಂಡು ಎದ್ದು ನಿಲ್ಲುತ್ತಿದ್ದಳು. ಮೆತ್ತಗೆ ಬಿದ್ದ ಗೇರನ್ನೂ ನಂಬುತ್ತಿರಲಿಲ್ಲ.

ಆ ವಾರದ ಕೊನೆಗೆ ಒಂದು ಸಂಜೆ ಬೈಕಿನ ಹಿಂದೆ ಕಾರು ಬಂತು. ಸಂಘದ ಅಧ್ಯಕ್ಷ ಪುಟ್ಟರಂಗಯ್ಯ, ಜೊತೆಗೆ ಇನ್ನಿಬ್ಬರು. ಪುಟ್ಟರಂಗಯ್ಯನ ಕೈಯಲ್ಲಿ ತುಮಕೂರಿನ ಒಂದು ಪೇಪರು, ಅದರಲ್ಲಿ ಪಿಯಾನೊದ ಮುಂದೆ ಕೂತ ಪಲ್ಲವಿಯ ಫೋಟೊ.

"ಏನ್ಲಾ ಸಂಗಮೇಶಾ, ಮಗಳು ಪೇಪರ್‌ನಾಗೆ ಬಂದವ್ಳೆ, ಬಾಯೇ ಬುಡ್ಲಿಲ್ವಲ್ಲೋ! ದೊಡ್ಡವ್ನಾಗ್ಬುಟ್ಟೆ ಕಣಪ್ಪಾ. ಎಲ್ಲವ್ವಾ ಶಾಂತಲಾ, ಬರೀ ಕಾಫೀಲಿ ಮುಗ್ಸೋ ಹಂಗಿಲ್ಲ ಇವತ್ತು, ಪಾಯಸ ಆಗ್ಬೇಕು!"

ಸಂಗಮೇಶ ನಗುತ್ತಿದ್ದ. ಆ ನಗುವಿನ ಅಂಚು ಶಾಂತಲಾಳಿಗೆ ಅಡುಗೆಮನೆಯ ಕಿಟಕಿಯಿಂದಲೇ ಕಂಡಿತು. "ಚಿಕ್ಕೋಳಿದ್ದಾಗಿಂದ ಅವ್ಳಿಗೆ ಇದೇ ಹುಚ್ಚು," ಎನ್ನುತ್ತಿದ್ದ. "ಮೊದಲ್ನೇ ಕೀಬೋರ್ಡ್ ಕೊಡ್ಸಿದ್ದೇ ನಾನು."

"ಹಾಕಯ್ಯಾ ಮತ್ತೆ, ಕೇಳೋಣ!"

ಅವನು ಮನೆಯ ದೊಡ್ಡ ಸ್ಪೀಕರನ್ನು ಅಂಗಳಕ್ಕೆ ತಂದ. ಫೋನಿನಲ್ಲಿ ಮಗಳ ಆಲ್ಬಮ್ ಹುಡುಕಿ ಯಾವುದೋ ಒಂದನ್ನು ಒತ್ತಿದ. ತಗ್ಗಿನಿಂದ ಗುಡುಕ್ ಗುಡುಕ್ ಎಂದು ಮೂರನೆಯದು ಶುರುವಾಯಿತು, ಈ ಸಲ ಅಂಗಳ ತುಂಬುವಷ್ಟು ಗಟ್ಟಿಯಾಗಿ. ಕೇಳುತ್ತಿದ್ದಂತೆ ಸಂಗಮೇಶನ ತಲೆ ಮೆಲ್ಲಗೆ ಅಡುಗೆಮನೆಯ ಕಡೆ ತಿರುಗಿತು. ಸದ್ದಿನಲ್ಲಿ ಏನಿದೆಯೆಂದು ಅವನಿಗೆ ಈಗಲೂ ತಿಳಿದಿರಲಿಲ್ಲ. ಆದರೆ ಅದನ್ನು ಮುಂಚೆ ಎಲ್ಲಿ ಕೇಳಿದ್ದೆ ಎಂಬುದು ನೆನಪಾಗಿತ್ತು.

ಪುಟ್ಟರಂಗಯ್ಯ ತಲೆದೂಗಿದ. ಉಳಿದವರು ಸ್ವಲ್ಪ ಹೊತ್ತು ಕೇಳಿ, ಕೊಬ್ಬರಿಯ ರೇಟಿನ ಮಾತಿಗೆ ಇಳಿದರು. ಅವರ ಮಾತಿನ ಮೇಲೆ ಸ್ಪೀಕರಿನಲ್ಲಿ ಬೈಕು ಏರಿ ಹತ್ತಿ ತಿರುವು ದಾಟಿ ಬರುತ್ತಿತ್ತು. ಅಡುಗೆಮನೆಯಲ್ಲಿ ಶಾಂತಲಾ ಶ್ಯಾವಿಗೆ ಹುರಿಯುತ್ತಿದ್ದಳು. ಸಿದ್ದಗಂಗಮ್ಮ ಅಡುಗೆಮನೆಯ ಹೊಸ್ತಿಲ ಮೇಲೆ, ಮೊರದಲ್ಲಿ ನಾಳೆಯ ತೊಗರಿಬೇಳೆ ಹರವಿಕೊಂಡು ಕೂತಿದ್ದಳು. ಎಲ್ಲ ನಿಲ್ಲುವ ಜಾಗ ಬಂದಾಗ ಇಬ್ಬರ ಕೈಯೂ ನಿಂತಿತು.

ಪಾಯಸ ತಿಂದು, ಬೆನ್ನು ತಟ್ಟಿ, ಕಾರು ಹೋಯಿತು. ಸಂಗಮೇಶ ಗೇಟಿನವರೆಗೂ ಹೋಗಿ ಕೈಮುಗಿದು ಬಂದ. ಗೇಟು ಹಾಕಿದ. ಸ್ಪೀಕರು ಆರಿಸಿದ. ನಡುಮನೆ ದಾಟಿ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ.

"ಅವತ್ತು ಚಪ್ಪರದಲ್ಲಿ ಕೇಳ್ತಿದ್ದಿದ್ದು ಇದೇ ಅಲ್ವೇನೇ?"

ಶಾಂತಲಾ ಸೌಟನ್ನು ಬಾಣಲೆಯ ಅಂಚಿಗೆ ಒತ್ತಿ ಹಿಡಿದಳು. ಗೊತ್ತಿರಲಿಲ್ಲ ಅನ್ನಬಹುದಿತ್ತು. ಮಗಳೇ ನನ್ನಿಂದಲೂ ಮುಚ್ಚಿಟ್ಟಿದ್ದಳು ಅನ್ನಬಹುದಿತ್ತು. ಇಷ್ಟು ವರ್ಷ ಅವನ ದನಿಯನ್ನು ಅಳೆದ ಮೇಲೆಯೇ ಅವಳ ಮಾತು ಹೊರಗೆ ಬರುತ್ತಿತ್ತು. ಈಗ ಅಳೆಯಲಿಲ್ಲ.

"ಹೂಂ. ಪಲ್ಲವೀದು ಅಂತ ಗೊತ್ತಿತ್ತು. ಹೆಸರು ಹಾಕು ಅಂದಿದ್ದೂ ನಾನೇ."

ಸಂಗಮೇಶ ಒಂದು ಹೆಜ್ಜೆ ಮುಂದಿಟ್ಟ. ಹೊಸ್ತಿಲು ತುಂಬ ಸಿದ್ದಗಂಗಮ್ಮ ಮತ್ತು ಅವಳ ಮೊರ.

"ಅವ್ವಾ, ದಾರಿ ಬುಡು."

ಸಿದ್ದಗಂಗಮ್ಮ ತಲೆ ಎತ್ತಲಿಲ್ಲ. ಬೇಳೆಯಿಂದ ಒಂದು ಕಲ್ಲು ಆರಿಸಿ ಪಕ್ಕಕ್ಕೆ ಇಟ್ಟಳು.

"ಮಂಡಿ ಹಿಡ್ಕಂಡೈತೆ ಕಣಪ್ಪಾ," ಎಂದಳು. "ಏಳಕ್ಕಾಗಕಿಲ್ಲ."

"ಅವ್ವಾ!"

"ಆಗಕಿಲ್ಲ ಅಂದ್ನಲ್ಲಾ," ಎಂದು ಕಾಲನ್ನು ಬಾಗಿಲಿನ ಆ ಕಡೆಯವರೆಗೂ ಚಾಚಿ, ಮೊರವನ್ನು ತೊಡೆಯ ಮೇಲೆಳೆದುಕೊಂಡು, ಮತ್ತೊಂದು ಕಲ್ಲು ಹುಡುಕತೊಡಗಿದಳು.